ಗಣಕಯಂತ್ರದ ಅಂಗಳದಲ್ಲಿ ಚುಕ್ಕಿ ರಂಗೋಲಿ
(ಅಕ್ಷರಗಳಿಂದ ಆಕೃತಿ ರಚಿಸುವ ಕ್ರಮವಿಧಿಗಳನ್ನು ಕುರಿತು ಒಂದು ಪಾಠ)

ಕಣ್ಣು ಕಂಡ ಆಕೃತಿಯನ್ನು ಕೈ ಬರೆಯಬಲ್ಲುದು. ಪಾಟಿಯ ಮೇಲೆ ಒಂದು ತ್ರಿಕೋನವನ್ನು ಬರೆಯೆಂದರೆ ಮೂರನೆಯ ತರಗತಿಯ ಬಾಲಕನೂ ಕ್ಷಣಮಾತ್ರದಲ್ಲಿ ಬರೆದು ತೋರಿಸುತ್ತಾನೆ. ಆದರೆ ಅದೇ ತ್ರಿಕೋನವನ್ನು, ಅದನ್ನು ಎಂದೂ ಕಾಣದ ಒಬ್ಬನಿಗೆ, ಬರಿಯ ಮಾತಿನಿಂದ ಹೇಳಿ ಬರೆಯಿಸು ಎಂದಾಗ ಪ್ರೌಢಶಾಲೆಯ ವಿದ್ಯಾರ್ಥಿಯೂ ತಡವರಿಸುವುದುಂಟು. ನೋಡುವುದು ಒಂದು ವಿದ್ಯೆ. ನೋಡಿದುದನ್ನು ತಪ್ಪಿಲ್ಲದೆ ನುಡಿಯುವುದು ಇನ್ನೊಂದು ವಿದ್ಯೆ. ಗಣಕಯಂತ್ರವು ಈ ಎರಡನೆಯ ವಿದ್ಯೆಯನ್ನೇ ನಮ್ಮಿಂದ ಬೇಡುತ್ತದೆ. ಅದಕ್ಕೆ ಊಹೆಯಿಲ್ಲ, ದಾಕ್ಷಿಣ್ಯವಿಲ್ಲ. ಹೇಳಿದುದನ್ನು ಹೇಳಿದಂತೆಯೇ ಮಾಡುವುದು, ಹೇಳದಿದ್ದುದನ್ನು ಮಾಡದಿರುವುದು ಅದರ ಸ್ವಭಾವ.

ಯಂತ್ರಕ್ಕೆ ಆದೇಶ ನೀಡುವ ಕಲೆಯನ್ನು ಕಲಿಯಲು ಹೊರಟವರಿಗೆ ನಕ್ಷತ್ರ ಚಿಹ್ನೆಯಿಂದ ಚೌಕ, ತ್ರಿಕೋನ, ಗೋಪುರಗಳನ್ನು ಬರೆಯಿಸುವ ಅಭ್ಯಾಸವನ್ನು ಮೊದಲ ಪಾಠಗಳಲ್ಲಿಯೇ ಕೊಡುವ ಪದ್ಧತಿಯಿದೆ. ಅನೇಕ ವಿದ್ಯಾರ್ಥಿಗಳು ಇದನ್ನು ಪ್ರಾಯೋಗಿಕ ಪರೀಕ್ಷೆಯ ದಾಖಲೆ ಪುಸ್ತಕಕ್ಕಾಗಿ ಬಾಯಿಪಾಠ ಮಾಡಿ, ಬರೆದು, ಮರೆಯುತ್ತಾರೆ. ಹಾಗೆ ಮರೆಯುವಷ್ಟು ಅಲ್ಪವಾದ ವಿಷಯ ಇದಲ್ಲ. ನಮ್ಮ ಮನೆಯಂಗಳದ ರಂಗೋಲಿಯಲ್ಲಿ, ನಾವು ದಿನವೂ ನಡೆಯುವ ಬೀದಿಯಲ್ಲಿ, ನಮ್ಮ ನುಡಿಯ ಛಂದಸ್ಸಿನಲ್ಲಿ ಇದರ ಬೇರುಗಳಿವೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಯಂತ್ರದ ಪಾಟಿ

ಮೊದಲು ನಾವು ಬರೆಯಬೇಕಾದ ಪಾಟಿಯ ಪರಿಚಯ ಅಗತ್ಯ. ಹಳೆಯ ಗಣಕಯಂತ್ರದ ಪರದೆಯು ಚಿತ್ರಕಾರನ ಹಾಳೆಯಂತಿರಲಿಲ್ಲ. ಅದು ಲೆಕ್ಕದ ಪುಸ್ತಕದ ಚೌಕುಳಿ ಹಾಳೆಯಂತಿತ್ತು. ಒಂದೊಂದು ಮನೆಯಲ್ಲಿ ಒಂದೊಂದೇ ಅಕ್ಷರ. ನಮ್ಮ ದೇಶದಲ್ಲಿ 1984-85ರಲ್ಲಿ ಆರಂಭವಾದ 'ಕ್ಲಾಸ್' ಎಂಬ ಯೋಜನೆಯ ಮೂಲಕ ಶಾಲೆಗಳಿಗೆ ಬಂದ ಬಿ.ಬಿ.ಸಿ. ಮೈಕ್ರೋ ಯಂತ್ರದ ಒಂದು ಬಗೆಯ ಪರದೆಯಲ್ಲಿ ಅಡ್ಡಲಾಗಿ 40, ಉದ್ದಕ್ಕೆ 25, ಒಟ್ಟು 1000 ಮನೆಗಳಿದ್ದವು. ಆ ಯಂತ್ರದ ಭಾಷೆ ಬೇಸಿಕ್. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಎಂಬ ಇಬ್ಬರು ಅಧ್ಯಾಪಕರು, ಗಣಿತವನ್ನು ವಿಶೇಷವಾಗಿ ಓದದ ವಿದ್ಯಾರ್ಥಿಗಳೂ ಯಂತ್ರವನ್ನು ಬಳಸಲೆಂದು 1964ರಲ್ಲಿ ಅದನ್ನು ರೂಪಿಸಿದರು.

ಯಂತ್ರಗಳು ಇಂದು ಬಹಳ ಬದಲಾಗಿವೆ. ಆದರೂ ಬರೆಯುವ ಕ್ರಮ ಬದಲಾಗಿಲ್ಲ. ಯಂತ್ರವು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ, ಪ್ರತಿ ಸಾಲಿನಲ್ಲಿಯೂ ಎಡದಿಂದ ಬಲಕ್ಕೆ, ಬೆರಳಚ್ಚು ಯಂತ್ರದಂತೆ ಬರೆಯುತ್ತಾ ಹೋಗುತ್ತದೆ. ನಾವು ತ್ರಿಕೋನವನ್ನು ಬರೆಯುವಾಗ ಮೂರು ಗೆರೆಗಳನ್ನು ಎಳೆಯುತ್ತೇವೆ. ಯಂತ್ರಕ್ಕೆ ಹಾಗೆ ಗೆರೆ ಎಳೆಯಲು ಬಾರದು. ಆಕೃತಿಯನ್ನು ನಾವು ಸಾಲು ಸಾಲಾಗಿ ಕತ್ತರಿಸಿ, 'ಈ ಸಾಲಿನಲ್ಲಿ ಇಷ್ಟು ಖಾಲಿ ಮನೆ, ಇಷ್ಟು ಚುಕ್ಕಿ' ಎಂದು ಹೇಳಿಕೊಡಬೇಕು. ಇಷ್ಟನ್ನು ಅರಿತರೆ ಅರ್ಧ ಪಾಠ ಮುಗಿದಂತೆಯೇ. ಕೇವಲ ಬೆರಳಚ್ಚು ಯಂತ್ರದ ಅಕ್ಷರಗಳಿಂದಲೇ ಇಂಗ್ಲೆಂಡಿನ ಫ್ಲೋರಾ ಸ್ಟೇಸಿ ಎಂಬ ಮಹಿಳೆ 1898ರಲ್ಲಿ ಒಂದು ಪಾತರಗಿತ್ತಿಯ ಚಿತ್ರವನ್ನು ರಚಿಸಿದ್ದರು. ಆದುದರಿಂದ ಈ ಕಲೆಯು ಗಣಕಯಂತ್ರಕ್ಕಿಂತಲೂ ಹಳೆಯದು.

ರಂಗೋಲಿಯ ಸೂತ್ರ

ಈ ಕಲೆಯನ್ನು ನಮ್ಮ ಗೃಹಿಣಿಯರು ಇನ್ನೂ ಮುಂಚಿನಿಂದಲೇ ಬಲ್ಲರು. ಒಬ್ಬರು ಮತ್ತೊಬ್ಬರಿಗೆ ರಂಗೋಲಿಯನ್ನು ಹೇಳಿಕೊಡುವ ಬಗೆಯನ್ನು ಗಮನಿಸಿರಿ. ಚಿತ್ರವನ್ನು ತೋರಿಸಬೇಕೆಂಬ ಅಗತ್ಯವೇ ಅವರಿಗಿಲ್ಲ. "ಏಳರಿಂದ ಒಂದು, ನೇರ ಚುಕ್ಕಿ" ಎಂದರೆ ಸಾಕು. ಕೇಳಿದವರು ತಮ್ಮ ಅಂಗಳದಲ್ಲಿ ಅದೇ ವಿನ್ಯಾಸವನ್ನು ಮೂಡಿಸುತ್ತಾರೆ. ನಡುವಿನ ಸಾಲಿನಲ್ಲಿ 7 ಚುಕ್ಕಿ. ಅದರ ಮೇಲೂ ಕೆಳಗೂ ಎರಡು ಬದಿಯಲ್ಲಿ ಒಂದೊಂದು ಚುಕ್ಕಿ ಬಿಟ್ಟು 5, ಬಳಿಕ 3, ಕೊನೆಗೆ 1. "ಏಳರಿಂದ ನಾಲ್ಕು, ಸಂದು ಚುಕ್ಕಿ" ಎಂದರೆ ಎರಡು ಚುಕ್ಕಿಗಳ ನಡುವಣ ಸಂದಿಗೆ ಸರಿಯಾಗಿ ಮುಂದಿನ ಸಾಲಿನ ಚುಕ್ಕಿ. ಸಾಲಿಗೊಂದರಂತೆ ಇಳಿದು 4ಕ್ಕೆ ನಿಲ್ಲಬೇಕು. ಮೂರೇ ಮಾತುಗಳಲ್ಲಿ ಆರಂಭ, ಅಂತ್ಯ, ಇಳಿಯುವ ಕ್ರಮ ಎಲ್ಲವೂ ಅಡಗಿವೆ. ಇದು ಕ್ರಮವಿಧಿಯಲ್ಲದೆ ಮತ್ತೇನು?

ಧಾರವಾಡ ಸೀಮೆಯ ಕಸೂತಿಯೂ ಇದೇ ಜಾತಿಗೆ ಸೇರಿದ್ದು. ಅಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರವನ್ನು ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನೇ ಎಣಿಸಿ, ಇಷ್ಟು ಎಳೆ ಬಿಟ್ಟು ಇಷ್ಟು ಎಳೆಯ ಮೇಲೆ ಸೂಜಿ ಹಾಕಿ, ಗೋಪುರವನ್ನೂ ತೇರನ್ನೂ ಮೂಡಿಸುತ್ತಾರೆ. ಬಟ್ಟೆಯೇ ಅವರ ಚೌಕುಳಿ ಹಾಳೆ. ವಿದ್ವಾಂಸರ ದೃಷ್ಟಿಯೂ ಇತ್ತ ಹರಿದಿದೆ. ಮದರಾಸಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ಅವರು ತಮಿಳುನಾಡಿನ ಕೋಲಗಳನ್ನು, ಎಂದರೆ ಅಲ್ಲಿನ ರಂಗೋಲಿಗಳನ್ನು, ಗಣಕ ವಿಜ್ಞಾನದ ವ್ಯಾಕರಣ ನಿಯಮಗಳಿಂದ ವಿವರಿಸಬಹುದೆಂದು 1974ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಹೊಸ್ತಿಲ ಬಳಿಯ ಚುಕ್ಕಿಗಳು ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯನ್ನು ಸೇರಿದವು.

ಮೊದಲನೆಯ ಕ್ರಮವಿಧಿ

ಈಗ ಯಂತ್ರಕ್ಕೆ ಹೇಳಿಕೊಡೋಣ. ಕೆಳಗಿನ ಆದೇಶಗಳನ್ನು ಓದುವವರ ಅನುಕೂಲಕ್ಕಾಗಿ ಕನ್ನಡದಲ್ಲಿಯೇ ಕೊಟ್ಟಿದೆ. ಬೇಸಿಕ್ ಭಾಷೆಯಲ್ಲಿ 'ಪ್ರತಿ' ಎಂಬಲ್ಲಿ 'ಫಾರ್', 'ಮುಂದಿನ' ಎಂಬಲ್ಲಿ 'ನೆಕ್ಸ್ಟ್', 'ಬರೆ' ಎಂಬಲ್ಲಿ 'ಪ್ರಿಂಟ್', 'ಆದರೆ' ಎಂಬಲ್ಲಿ 'ಇಫ್' ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯಬೇಕು. 'ನ' ಎಂಬುದು ಆಕೃತಿಯ ಅಳತೆ, 'ಸ' ಎಂಬುದು ಸಾಲಿನ ಸಂಖ್ಯೆ, 'ಕ' ಎಂಬುದು ಆ ಸಾಲಿನೊಳಗಿನ ಕಂಬದ ಸಂಖ್ಯೆ.

10 ನ = 5
20 ಪ್ರತಿ ಸ = 1 ರಿಂದ ನ ವರೆಗೆ
30 ಪ್ರತಿ ಕ = 1 ರಿಂದ ನ ವರೆಗೆ
40 ಬರೆ "*";
50 ಮುಂದಿನ ಕ
60 ಬರೆ
70 ಮುಂದಿನ ಸ

ನಾಲ್ವತ್ತನೆಯ ಆದೇಶದ ಕೊನೆಯಲ್ಲಿರುವ ಅರ್ಧವಿರಾಮವನ್ನು ಅಲಕ್ಷ್ಯ ಮಾಡಬಾರದು. 'ಬರೆದ ಮೇಲೆ ಅದೇ ಸಾಲಿನಲ್ಲಿಯೇ ನಿಲ್ಲು' ಎಂಬುದು ಅದರ ಅರ್ಥ. ಅದಿಲ್ಲದಿದ್ದರೆ ಚುಕ್ಕಿಗಳೆಲ್ಲ ಒಂದರ ಕೆಳಗೊಂದು ಬಿದ್ದು ನೀಳವಾದ ಕಂಬವಾಗುತ್ತವೆ. ಅರವತ್ತನೆಯ ಆದೇಶದಲ್ಲಿ ಬರೆಯಲು ಏನನ್ನೂ ಕೊಟ್ಟಿಲ್ಲ. ಅದು ಸಾಲನ್ನು ಮುಗಿಸಿ ಮುಂದಿನ ಸಾಲಿಗೆ ಹೋಗುವ ಅಪ್ಪಣೆ. ಈ ಕ್ರಮವಿಧಿಯಿಂದ ಸಾಲಿಗೆ 5ರಂತೆ 5 ಸಾಲುಗಳ ಚೌಕ ಮೂಡುತ್ತದೆ.

ಈಗ ಮೂವತ್ತನೆಯ ಆದೇಶದಲ್ಲಿ ಒಂದೇ ಒಂದು ಅಕ್ಷರವನ್ನು ಬದಲಾಯಿಸಿರಿ. 'ನ ವರೆಗೆ' ಎಂಬುದನ್ನು 'ಸ ವರೆಗೆ' ಎಂದು ಮಾಡಿರಿ. ಆಗ ಫಲಿತಾಂಶ ಹೀಗಿರುತ್ತದೆ:

*
**
***
****
*****

ಚೌಕವು ತ್ರಿಕೋನವಾಯಿತು. ಏಕೆ? ಮೊದಲು ಪ್ರತಿ ಸಾಲಿನ ಉದ್ದವೂ ಒಂದೇ ಆಗಿತ್ತು. ಈಗ ಸಾಲಿನ ಉದ್ದವು ಸಾಲಿನ ಸಂಖ್ಯೆಯನ್ನು ಅನುಸರಿಸುತ್ತಿದೆ: ಮೊದಲನೆಯ ಸಾಲಿಗೆ 1, ಎರಡನೆಯದಕ್ಕೆ 2. ತ್ರಿಕೋನವು ನಕ್ಷತ್ರ ಚಿಹ್ನೆಯಲ್ಲಿಲ್ಲ, ಪರದೆಯಲ್ಲಿಯೂ ಇಲ್ಲ. ಅದು ಸಾಲಿನ ಸಂಖ್ಯೆಗೂ ಚುಕ್ಕಿಗಳ ಸಂಖ್ಯೆಗೂ ಇರುವ ಸಂಬಂಧದಲ್ಲಿದೆ. ಐದು ಬಾರಿ 'ಬರೆ' ಎಂದು ಐದು ಸಾಲುಗಳನ್ನು ಒಂದೊಂದಾಗಿ ಬರೆಯಿಸಿದವನ ಪರದೆಯಲ್ಲಿಯೂ ಇದೇ ಆಕೃತಿ ಕಾಣಬಹುದು. ಆದರೆ ನಾಳೆ ಐವತ್ತು ಸಾಲುಗಳ ತ್ರಿಕೋನ ಬೇಕೆಂದಾಗ ಅವನು ಐವತ್ತು ಆದೇಶಗಳನ್ನು ಬರೆಯಬೇಕಾಗುತ್ತದೆ. ಸಂಬಂಧವನ್ನು ಕಂಡವನು 'ನ = 5' ಎಂಬುದನ್ನು 'ನ = 50' ಎಂದು ಮಾಡಿ ಸುಮ್ಮನಾಗುತ್ತಾನೆ. ನಕಲಿಗೂ ಅರಿವಿಗೂ ಇರುವ ಅಂತರ ಇಷ್ಟೇ, ಇಷ್ಟು ದೊಡ್ಡದು.

ಈ ತ್ರಿಕೋನದಲ್ಲಿ ಒಟ್ಟು ಎಷ್ಟು ಚುಕ್ಕಿಗಳಿವೆ? ಇಂತಹದೇ ಇನ್ನೊಂದು ತ್ರಿಕೋನವನ್ನು ತಲೆಕೆಳಗು ಮಾಡಿ ಪಕ್ಕದಲ್ಲಿ ಜೋಡಿಸಿದರೆ 5 ಸಾಲು, ಸಾಲಿಗೆ 6ರ ಆಯತವಾಗುತ್ತದೆ. ಅದರಲ್ಲಿ 30 ಚುಕ್ಕಿ. ಅದರ ಅರ್ಧ 15. ಒಂದರಿಂದ ಐದರವರೆಗಿನ ಮೊತ್ತವನ್ನು ಕೂಡದೆಯೇ ಕಂಡುಕೊಂಡಂತಾಯಿತು. ನೂರು ಸಾಲಿಗೂ ಇದೇ ಯುಕ್ತಿ.

ಗೋಪುರ

ಮುಂದಿನದು ಗೋಪುರ. ಇಲ್ಲಿ ಎಡಗಡೆ ಖಾಲಿ ಮನೆಗಳು ಬರುತ್ತವೆ. ಕಣ್ಣಿಗೆ ಕಾಣಲೆಂದು ಖಾಲಿ ಮನೆಗಳನ್ನು ಕೆಳಚುಕ್ಕಿಯಿಂದ ತೋರಿಸಿದೆ.

....*
...***
..*****
.*******
*********

ಇದನ್ನು ಯಂತ್ರಕ್ಕೆ ಹೇಳುವ ಮುನ್ನ ಕಾಗದದ ಮೇಲೆ ಒಂದು ಪಟ್ಟಿಯನ್ನು ಬರೆದುಕೊಳ್ಳುವುದು ಉತ್ತಮ ಅಭ್ಯಾಸ.

1ನೆಯ ಸಾಲು: ಖಾಲಿ 4, ಚುಕ್ಕಿ 1
2ನೆಯ ಸಾಲು: ಖಾಲಿ 3, ಚುಕ್ಕಿ 3
3ನೆಯ ಸಾಲು: ಖಾಲಿ 2, ಚುಕ್ಕಿ 5
4ನೆಯ ಸಾಲು: ಖಾಲಿ 1, ಚುಕ್ಕಿ 7
5ನೆಯ ಸಾಲು: ಖಾಲಿ 0, ಚುಕ್ಕಿ 9

ಖಾಲಿ ಮನೆಗಳು ಒಂದೊಂದಾಗಿ ಇಳಿಯುತ್ತವೆ. ಸಾಲಿನ ಸಂಖ್ಯೆಯನ್ನೂ ಖಾಲಿಯನ್ನೂ ಕೂಡಿದರೆ ಯಾವಾಗಲೂ 5. ಆದುದರಿಂದ ಖಾಲಿ ಎಂದರೆ ನ − ಸ. ಚುಕ್ಕಿಗಳು ಬೆಸಸಂಖ್ಯೆಗಳಲ್ಲಿ ಏರುತ್ತವೆ. ಅವು 2 × ಸ − 1. ಇಷ್ಟು ಸಿಕ್ಕಿದ ಮೇಲೆ ಆದೇಶಗಳನ್ನು ಬರೆಯುವುದು ಲಿಪಿಕಾರನ ಕೆಲಸ:

10 ನ = 5
20 ಪ್ರತಿ ಸ = 1 ರಿಂದ ನ ವರೆಗೆ
30 ನ − ಸ ಬಾರಿ ಬರೆ " ";
40 2 × ಸ − 1 ಬಾರಿ ಬರೆ "*";
50 ಬರೆ
60 ಮುಂದಿನ ಸ

ಗೋಪುರದ ಚುಕ್ಕಿಗಳನ್ನು ಕೂಡಿದರೆ 1 + 3 + 5 + 7 + 9 = 25. ಇದು ಐದರ ವರ್ಗ. ನಾಲ್ಕು ಸಾಲಿನ ಗೋಪುರಕ್ಕೆ 16, ಆರು ಸಾಲಿನದಕ್ಕೆ 36. ಬೆಸಸಂಖ್ಯೆಗಳನ್ನು ಒಂದರಿಂದ ಆರಂಭಿಸಿ ಕ್ರಮವಾಗಿ ಕೂಡಿದರೆ ವರ್ಗಸಂಖ್ಯೆಯೇ ಬರುವುದೇಕೆ ಎಂಬುದನ್ನು ಚುಕ್ಕಿಗಳೇ ಹೇಳುತ್ತವೆ. ನಾಲ್ಕು ಸಾಲಿನ ಚೌಕವೊಂದರ ಬಲಬದಿಗೆ ಒಂದು ಕಂಬವನ್ನೂ ಕೆಳಗೆ ಒಂದು ಸಾಲನ್ನೂ ಸೇರಿಸಿ, ಮೂಲೆಯಲ್ಲಿ ಒಂದು ಚುಕ್ಕಿಯನ್ನಿಟ್ಟರೆ ಐದರ ಚೌಕವಾಗುತ್ತದೆ. ಸೇರಿಸಿದ ಚುಕ್ಕಿಗಳು 4 + 4 + 1 = 9. ಪ್ರತಿ ಬಾರಿಯೂ ಸೇರುವುದು ಮುಂದಿನ ಬೆಸಸಂಖ್ಯೆಯೇ.

ನೇರ ಚುಕ್ಕಿ, ಸಂದು ಚುಕ್ಕಿ

ರಂಗೋಲಿಯ ಸೂತ್ರಕ್ಕೆ ಮರಳೋಣ. 'ಏಳರಿಂದ ಒಂದು, ನೇರ ಚುಕ್ಕಿ' ಎಂಬುದರಲ್ಲಿ ಏಳು ಸಾಲುಗಳು. ನಡುವಿನದು ನಾಲ್ಕನೆಯ ಸಾಲು. ಪ್ರತಿ ಸಾಲೂ ನಡುವಿನ ಸಾಲಿನಿಂದ ಎಷ್ಟು ದೂರದಲ್ಲಿದೆಯೆಂಬುದನ್ನು 'ದ' ಎನ್ನೋಣ. ಮೂರನೆಯ ಸಾಲಿಗೂ ಐದನೆಯ ಸಾಲಿಗೂ ದ = 1; ಒಂದನೆಯದಕ್ಕೂ ಏಳನೆಯದಕ್ಕೂ ದ = 3. ಮೇಲು ಕೆಳಗೆಂಬ ಭೇದವನ್ನು ಮರೆತು ಕೇವಲ ದೂರವನ್ನು ಎಣಿಸುವುದರಿಂದ ಏರುವ ಭಾಗಕ್ಕೂ ಇಳಿಯುವ ಭಾಗಕ್ಕೂ ಬೇರೆ ಬೇರೆ ಕ್ರಮವಿಧಿಯ ಅಗತ್ಯವಿಲ್ಲ. ಪ್ರತಿ ಸಾಲಿನಲ್ಲಿ ಖಾಲಿ ದ, ಚುಕ್ಕಿ 7 − 2 × ದ. ಒಟ್ಟು 25 ಚುಕ್ಕಿಗಳ ವಜ್ರಾಕೃತಿ ದೊರೆಯುತ್ತದೆ.

ಸಂದು ಚುಕ್ಕಿಯಲ್ಲಿ ಒಂದು ತೊಡಕಿದೆ. ಅಲ್ಲಿ ಚುಕ್ಕಿಯು ಅರ್ಧ ಮನೆ ಸರಿಯಬೇಕು. ಯಂತ್ರಕ್ಕೆ ಅರ್ಧ ಮನೆಯೆಂಬುದು ತಿಳಿಯದು. ಪರಿಹಾರ ಸುಲಭ: ಪ್ರತಿ ಚುಕ್ಕಿಗೂ ಎರಡು ಮನೆಗಳನ್ನು ಕೊಟ್ಟು, ಒಂದರಲ್ಲಿ ಚಿಹ್ನೆ, ಇನ್ನೊಂದರಲ್ಲಿ ಖಾಲಿ ಇಟ್ಟರೆ, ಹಿಂದಿನ ಅರ್ಧ ಮನೆಯು ಈಗ ಪೂರ್ಣ ಮನೆಯಾಗುತ್ತದೆ.

10 ಪ್ರತಿ ಸ = 1 ರಿಂದ 7 ವರೆಗೆ
20 ದ = ಸ ಮತ್ತು 4 ಇವುಗಳ ಅಂತರ
30 ದ ಬಾರಿ ಬರೆ " ";
40 7 − ದ ಬಾರಿ ಬರೆ "* ";
50 ಬರೆ
60 ಮುಂದಿನ ಸ

...*.*.*.*
..*.*.*.*.*
.*.*.*.*.*.*
*.*.*.*.*.*.*
.*.*.*.*.*.*
..*.*.*.*.*
...*.*.*.*

ಆರು ಮೂಲೆಗಳ, 37 ಚುಕ್ಕಿಗಳ ಈ ವಿನ್ಯಾಸವು ಹಬ್ಬದ ದಿನ ನಮ್ಮ ಬೀದಿಯ ಮನೆಗಳ ಮುಂದೆ ಕಾಣುವ ವಿನ್ಯಾಸವೇ ಆಗಿದೆ. ಅರ್ಧವು ಬೇಕಾದಾಗ ಅಳತೆಯ ಮಾನವನ್ನೇ ಸಣ್ಣದು ಮಾಡಿಕೊಳ್ಳಬೇಕೆಂಬ ಪಾಠ ಗಣಿತದಲ್ಲಿ ಮುಂದೆಯೂ ನಿಮಗೆ ಒದಗಿಬರುತ್ತದೆ.

ಮುಖ್ಯರಸ್ತೆ, ಅಡ್ಡರಸ್ತೆ

ಇಲ್ಲಿಯವರೆಗೆ ಪ್ರತಿ ಸಾಲಿಗೂ 'ಎಷ್ಟು ಚುಕ್ಕಿ' ಎಂದು ಕೇಳಿದೆವು. ಇನ್ನೊಂದು ಮಾರ್ಗವಿದೆ: ಪ್ರತಿ ಮನೆಯ ಮುಂದೆಯೂ ನಿಂತು 'ಇಲ್ಲಿ ಚುಕ್ಕಿ ಇಡಬೇಕೇ, ಬೇಡವೇ' ಎಂದು ಕೇಳುವುದು. ಇದಕ್ಕೆ ಪ್ರತಿ ಮನೆಗೂ ಒಂದು ವಿಳಾಸ ಬೇಕು. ದಕ್ಷಿಣ ಬೆಂಗಳೂರಿನ ನಿವಾಸಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. 1948ರಲ್ಲಿ ಶಂಕುಸ್ಥಾಪನೆಗೊಂಡ ಜಯನಗರದಲ್ಲಿ ಯಾವುದೇ ವಿಳಾಸವನ್ನು ಕೇಳಿದರೂ '11ನೆಯ ಮುಖ್ಯರಸ್ತೆ, 33ನೆಯ ಅಡ್ಡರಸ್ತೆ, 4ನೆಯ ಬ್ಲಾಕ್' ಎಂಬಂತಹ ಉತ್ತರ ಬರುತ್ತದೆ. ಎರಡು ಸಂಖ್ಯೆಗಳನ್ನು ಹೇಳಿದರೆ ಎರಡು ರಸ್ತೆಗಳು ಕೂಡುವ ಒಂದೇ ಒಂದು ಸ್ಥಳ ಗೊತ್ತಾಗುತ್ತದೆ. ನಮ್ಮ ಪಾಟಿಯಲ್ಲಿ 'ಸ' ಅಡ್ಡರಸ್ತೆ, 'ಕ' ಮುಖ್ಯರಸ್ತೆ. ಬೀಜಗಣಿತದಲ್ಲಿ ಇವುಗಳಿಗೆ ನಿರ್ದೇಶಾಂಕಗಳೆಂದು ಹೆಸರು.

10 ನ = 7
20 ಪ್ರತಿ ಸ = 1 ರಿಂದ ನ ವರೆಗೆ
30 ಪ್ರತಿ ಕ = 1 ರಿಂದ ನ ವರೆಗೆ
40 ಸ = ಕ ಅಥವಾ ಸ + ಕ = ನ + 1 ಆದರೆ ಬರೆ "*"; ಇಲ್ಲದಿದ್ದರೆ ಬರೆ ".";
50 ಮುಂದಿನ ಕ
60 ಬರೆ
70 ಮುಂದಿನ ಸ

*.....*
.*...*.
..*.*..
...*...
..*.*..
.*...*.
*.....*

ಸಾಲೂ ಕಂಬವೂ ಸಮನಾದ ಮನೆಗಳೆಲ್ಲ ಒಂದು ಕರ್ಣದ ಮೇಲಿವೆ. ಅವೆರಡರ ಮೊತ್ತ 8 ಆಗುವ ಮನೆಗಳೆಲ್ಲ ಇನ್ನೊಂದು ಕರ್ಣದ ಮೇಲಿವೆ. ಇನ್ನು ನಾಲ್ವತ್ತನೆಯ ಆದೇಶದ ಪ್ರಶ್ನೆಯೊಂದನ್ನೇ ಬದಲಾಯಿಸುತ್ತಾ ಹೋದರೆ ಬೇಕಾದ ಆಕೃತಿಗಳನ್ನು ಪಡೆಯಬಹುದು. 'ಸ = 1 ಅಥವಾ ಸ = ನ ಅಥವಾ ಕ = 1 ಅಥವಾ ಕ = ನ' ಎಂದರೆ ಒಳಗೆ ಖಾಲಿಯಿರುವ ಚೌಕಟ್ಟು. ಐದು ಸಾಲುಗಳಲ್ಲಿ 'ಸ ಬೆಸಸಂಖ್ಯೆ' ಎಂದಷ್ಟೇ ಕೇಳಿದರೆ ವಿಭೂತಿಯ ಮೂರು ಅಡ್ಡಗೆರೆಗಳು. ಇಲ್ಲಿ ಪ್ರಶ್ನೆಯು ಕಂಬವನ್ನು ವಿಚಾರಿಸುವುದೇ ಇಲ್ಲ. ಆದುದರಿಂದಲೇ ಗೆರೆಯು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಅಖಂಡವಾಗಿ ಸಾಗುತ್ತದೆ.

ವೃತ್ತವು ಎಲ್ಲಕ್ಕಿಂತ ಕುತೂಹಲಕರ. ನೇರ ಸಾಲುಗಳಲ್ಲಿ ಮಾತ್ರ ಬರೆಯಬಲ್ಲ ಯಂತ್ರವು ದುಂಡಗೆ ಬರೆಯುವುದು ಹೇಗೆ? ಕೇಂದ್ರದಿಂದ ಒಂದೇ ದೂರದೊಳಗಿರುವ ಮನೆಗಳೆಲ್ಲ ವೃತ್ತಕ್ಕೆ ಸೇರಿದವು. ಲಂಬಕೋನ ತ್ರಿಭುಜದ ಪ್ರಮೇಯವನ್ನು ನೆನೆಯಿರಿ: ಅಡ್ಡ ಅಂತರದ ವರ್ಗ, ಉದ್ದ ಅಂತರದ ವರ್ಗ, ಇವೆರಡರ ಮೊತ್ತವೇ ದೂರದ ವರ್ಗ. ಒಂಬತ್ತು ಸಾಲು, ಒಂಬತ್ತು ಕಂಬಗಳ ಪಾಟಿಯಲ್ಲಿ ಕೇಂದ್ರವು 5ನೆಯ ಸಾಲು, 5ನೆಯ ಕಂಬ, ತ್ರಿಜ್ಯ 4. ಮೊತ್ತವು 16ಕ್ಕೆ ಮೀರಬಾರದೆಂದು ಕೇಳಿದರೆ ನಾಲ್ಕು ದಿಕ್ಕುಗಳಲ್ಲಿಯೂ ಒಂದೊಂದು ಚುಕ್ಕಿ ಮುಳ್ಳಿನಂತೆ ಹೊರಚಾಚುತ್ತದೆ. 18ಕ್ಕೆ ಮೀರಬಾರದೆಂದರೆ ಆಕೃತಿ ದುಂಡಗಾಗುತ್ತದೆ:

...***...
.*******.
.*******.
*********
*********
*********
.*******.
.*******.
...***...

ಪರದೆಯ ಮೇಲೆ ಇದು ತುಸು ನೀಳವಾಗಿ, ಮೊಟ್ಟೆಯನ್ನು ನಿಲ್ಲಿಸಿದಂತೆ ಕಂಡರೆ ಗಾಬರಿಯಾಗಬೇಡಿರಿ. ಯಂತ್ರದ ಅಕ್ಷರದ ಮನೆಗೆ ಅಗಲಕ್ಕಿಂತ ಎತ್ತರ ಹೆಚ್ಚು. ಸಂದು ಚುಕ್ಕಿಯಲ್ಲಿ ಮಾಡಿದಂತೆ ಪ್ರತಿ ಚುಕ್ಕಿಗೂ ಅಡ್ಡಲಾಗಿ ಎರಡೆರಡು ಮನೆಗಳನ್ನು ಕೊಟ್ಟರೆ ವೃತ್ತವು ಬಹುಮಟ್ಟಿಗೆ ಸರಿಹೋಗುತ್ತದೆ.

ಇದೇ ವೃತ್ತದಿಂದ ಇನ್ನೊಂದು ಫಲವುಂಟು. 16ರ ಮಿತಿಯನ್ನೇ ಇಟ್ಟು ಚುಕ್ಕಿಗಳನ್ನು ಎಣಿಸಿದರೆ 49 ಬರುತ್ತದೆ. ಅದನ್ನು ತ್ರಿಜ್ಯದ ವರ್ಗವಾದ 16ರಿಂದ ಭಾಗಿಸಿದರೆ 3.06. ತ್ರಿಜ್ಯವನ್ನು 10 ಮಾಡಿದರೆ 317 ಚುಕ್ಕಿಗಳು. ನೂರರಿಂದ ಭಾಗಿಸಿದರೆ 3.17. ತ್ರಿಜ್ಯ 20 ಆದಾಗ 1257 ಚುಕ್ಕಿಗಳು. ನಾನೂರರಿಂದ ಭಾಗಿಸಿದರೆ 3.1425. ಪಠ್ಯಪುಸ್ತಕದಲ್ಲಿ 22/7 ಎಂದು ಒಪ್ಪಿಕೊಂಡಿದ್ದ ಪೈ ಎಂಬ ಸಂಖ್ಯೆಯು ಬರಿಯ ಚುಕ್ಕಿಗಳ ಎಣಿಕೆಯಿಂದ ನಮ್ಮೆದುರು ಮೂಡುತ್ತಿದೆ. ಇಂತಹ ಎಣಿಕೆಯ ಪ್ರಶ್ನೆಯನ್ನು ಜರ್ಮನಿಯ ಮಹಾಗಣಿತಜ್ಞ ಗೌಸನೂ ಪರಿಶೀಲಿಸಿದ್ದನು. ಪರದೆಯ ಅಗಲ ಸಾಲದಿದ್ದರೂ ಎಣಿಕೆಗೆ ಅಡ್ಡಿಯಿಲ್ಲ. ಚುಕ್ಕಿ ಬರೆಯುವ ಬದಲು 'ಎ = ಎ + 1' ಎಂದು ಆದೇಶಿಸಿದರೆ ಯಂತ್ರವೇ ಎಣಿಸಿಕೊಡುತ್ತದೆ.

ಕನ್ನಡದ ಅಕ್ಷರವೇ ಚುಕ್ಕಿಯಾದಾಗ

ನಕ್ಷತ್ರ ಚಿಹ್ನೆಯ ಬದಲು ನಮ್ಮ ಅಕ್ಷರಗಳನ್ನೇ ಬಳಸಿ ಆಕೃತಿಯನ್ನು ರಚಿಸಲಾಗದೆ? ಒಂದು ಹೆಸರನ್ನು ಕೊಟ್ಟು, ಮೊದಲನೆಯ ಸಾಲಿನಲ್ಲಿ ಅದರ ಒಂದು ಅಕ್ಷರ, ಎರಡನೆಯ ಸಾಲಿನಲ್ಲಿ ಎರಡು ಎಂದು ಬರೆಯಿಸೋಣ. 'ಬಸವ' ಎಂಬ ಹೆಸರಿಗೆ ಫಲಿತಾಂಶ ನಿರ್ದುಷ್ಟವಾಗಿದೆ:

ಬ
ಬಸ
ಬಸವ

ಈಗ 'ಬಸವಣ್ಣ' ಎಂಬ ಹೆಸರನ್ನು ಕೊಡೋಣ. ನಾಲ್ಕು ಅಕ್ಷರ, ನಾಲ್ಕು ಸಾಲುಗಳನ್ನು ನಿರೀಕ್ಷಿಸುತ್ತೇವೆ. ಪೈಥಾನ್ ಮೊದಲಾದ ಇಂದಿನ ಭಾಷೆಗಳಲ್ಲಿ 'ಇದರ ಉದ್ದವೆಷ್ಟು' ಎಂದು ಕೇಳಿದರೆ ಯಂತ್ರವು 6 ಎನ್ನುತ್ತದೆ; ಆರು ಸಾಲುಗಳನ್ನು ಬರೆಯುತ್ತದೆ:

ಬ
ಬಸ
ಬಸವ
ಬಸವಣ
ಬಸವಣ್
ಬಸವಣ್ಣ

ಯಂತ್ರವು ತಪ್ಪಿತೇ? ಇಲ್ಲ. ಅದರ ಎಣಿಕೆಯ ಮಾನ ಬೇರೆ. ಯಂತ್ರಕ್ಕೆ ಅಕ್ಷರಗಳೆಲ್ಲ ಸಂಖ್ಯೆಗಳು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿರುವ ಯೂನಿಕೋಡ್ ಎಂಬ ಪದ್ಧತಿಯಲ್ಲಿ 3200ರಿಂದ 3327ರವರೆಗಿನ ಸ್ಥಾನಗಳು ಕನ್ನಡಕ್ಕೆ ಮೀಸಲಾಗಿವೆ. ಅದರಲ್ಲಿ 'ಕ'ಕಾರಕ್ಕೆ 3221, 'ಷ'ಕಾರಕ್ಕೆ 3255, ಸ್ವರವಿಲ್ಲವೆಂದು ಸೂಚಿಸುವ ಹಲಂತ ಚಿಹ್ನೆಗೆ 3277. 'ಕ್ಷ' ಎಂಬುದು ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು 3221, 3277, 3255 ಎಂಬ ಮೂರು ಸಂಖ್ಯೆಗಳು. 'ಬಸವಣ್ಣ' ಎಂಬಲ್ಲಿಯೂ ಕೊನೆಯ 'ಣ್ಣ' ಮೂರು ಸಂಖ್ಯೆಗಳಾಗಿ ಒಡೆದಿದೆ. ಧ್ವನಿಗೆ ಸಂಖ್ಯೆಯನ್ನಿಟ್ಟು ಚೌಕುಳಿಯ ಮನೆಗಳಲ್ಲಿ ತುಂಬುವ ಕಲ್ಪನೆ ಕನ್ನಡಕ್ಕೆ ಹೊಸದಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ, ಕುಮುದೇಂದು ಮುನಿಯ 'ಸಿರಿಭೂವಲಯ'ವು 1ರಿಂದ 64ರವರೆಗಿನ ಅಂಕಿಗಳನ್ನು 27 ಸಾಲು, 27 ಕಂಬಗಳ ಚೌಕಗಳಲ್ಲಿ ಹರಡಿ, ಅವುಗಳನ್ನು ಅಕ್ಷರಗಳಾಗಿ ಓದಿಕೊಳ್ಳಬೇಕಾದ ಕೃತಿಯಾಗಿದೆ.

ಹಾಗಾದರೆ ಯಂತ್ರಕ್ಕೆ ನಮ್ಮ ಎಣಿಕೆಯನ್ನು ಕಲಿಸುವುದು ಹೇಗೆ? ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕುವಾಗ ಒತ್ತಕ್ಷರವನ್ನು ನಾವು ಒಂದೇ ಅಕ್ಷರವೆಂದು ಎಣಿಸುತ್ತೇವೆ. ಅದೇ ನಿಯಮವನ್ನು ಆದೇಶವಾಗಿ ಬರೆದರೆ ಸಾಕು:

1. ಸ್ವರಚಿಹ್ನೆ, ಅನುಸ್ವಾರ, ವಿಸರ್ಗ, ಹಲಂತ ಚಿಹ್ನೆಗಳು ಬಂದರೆ ಹಿಂದಿನ ಅಕ್ಷರಕ್ಕೇ ಸೇರಿಸು.
2. ವ್ಯಂಜನವು ಬಂದು, ಅದರ ಹಿಂದಿನದು ಹಲಂತ ಚಿಹ್ನೆಯಾಗಿದ್ದರೆ, ಆಗಲೂ ಹಿಂದಿನ ಅಕ್ಷರಕ್ಕೇ ಸೇರಿಸು.
3. ಉಳಿದೆಲ್ಲ ಸಂದರ್ಭಗಳಲ್ಲಿ ಹೊಸ ಅಕ್ಷರವನ್ನು ಆರಂಭಿಸು.

ಬ, ಸ, ವ ಮೂರೂ ಹೊಸ ಅಕ್ಷರಗಳು, 'ಣ' ನಾಲ್ಕನೆಯದು, ಬಳಿಕ ಬಂದ ಹಲಂತವು ಅದಕ್ಕೇ ಸೇರಿತು, ಕೊನೆಯ 'ಣ'ದ ಹಿಂದೆ ಹಲಂತವಿರುವುದರಿಂದ ಅದೂ ಅಲ್ಲಿಗೇ ಸೇರಿತು. ಲೆಕ್ಕ ನಾಲ್ಕಕ್ಕೆ ನಿಂತಿತು. ಕನ್ನಡ ಛಂದಸ್ಸಿಗೆ ಸುಮಾರು 990ರಲ್ಲಿ 'ಛಂದೋಂಬುಧಿ'ಯನ್ನು ರಚಿಸಿಕೊಟ್ಟ ನಾಗವರ್ಮನ ಶಾಸ್ತ್ರವನ್ನು ಓದುವ ವಿದ್ಯಾರ್ಥಿಗೆ ಈ ನಿಯಮ ಸಹಜವಾಗಿ ತೋರುತ್ತದೆ. ಕನ್ನಡವನ್ನು ಚೆನ್ನಾಗಿ ಬಲ್ಲವನು ಈ ಕಡೆ ಯಂತ್ರಕ್ಕೂ ಉತ್ತಮ ಗುರುವಾಗುತ್ತಾನೆ.

ಇನ್ನೊಂದು ತೊಡಕೂ ಉಂಟು. ಕನ್ನಡದ ಅಕ್ಷರಗಳ ಅಗಲ ಒಂದೇ ಸಮನಲ್ಲ. 'ರ' ಕಿರಿದು, 'ಣ' ಹಿರಿದು. ಆದುದರಿಂದ ಖಾಲಿ ಮನೆಗಳನ್ನು ಬಳಸುವ ಗೋಪುರದ ಅಂಚು ಸೊಟ್ಟಗಾಗುತ್ತದೆ. ಆರಂಭದಲ್ಲಿ ಒಂದೇ ಅಕ್ಷರವನ್ನು ಮತ್ತೆ ಮತ್ತೆ ಬಳಸಿ, ಎಡದಂಚಿಗೆ ಒತ್ತಿಕೊಂಡಿರುವ ತ್ರಿಕೋನಗಳನ್ನು ರಚಿಸುವುದು ಕ್ಷೇಮ. ಖಾಲಿ ಮನೆ ಬೇಕಾದಾಗ ಕೋಷ್ಟಕವೊಂದರ ಮನೆಗಳಲ್ಲಿ ಅಕ್ಷರಗಳನ್ನಿಡಬಹುದು.

ಉಪಸಂಹಾರ

ಗಣಕಯಂತ್ರದ ವಿದ್ಯೆಯು ಇಂಗ್ಲಿಷ್ ಬಲ್ಲವರ ಸೊತ್ತು ಎಂಬ ಅಳುಕು ಕನ್ನಡ ಮಾಧ್ಯಮದಲ್ಲಿ ಓದುವ ಅನೇಕ ಮಕ್ಕಳ ಮನಸ್ಸಿನಲ್ಲಿ ಬೇರೂರಿದೆ. ಮೇಲಿನ ಪಾಠದಲ್ಲಿ ಇಂಗ್ಲಿಷಿನಿಂದ ಬೇಕಾದುದು ಬೆರಳೆಣಿಕೆಯ ಪದಗಳು ಮಾತ್ರ. ಸಾಲಿಗೂ ಚುಕ್ಕಿಗೂ ಇರುವ ಸಂಬಂಧ, ಕೇಂದ್ರದಿಂದ ದೂರ, ಒತ್ತಕ್ಷರದ ನಿಯಮ, ಇವುಗಳನ್ನು ಆಲೋಚಿಸಲು ತಾಯ್ನುಡಿಗಿಂತ ಮಿಗಿಲಾದ ಸಾಧನ ಬೇರೊಂದಿಲ್ಲ. ಆ ಬೆರಳೆಣಿಕೆಯ ಪದಗಳೂ ಕನ್ನಡದಲ್ಲಿಯೇ ಇರಬಹುದೆಂಬುದಕ್ಕೆ ನಿದರ್ಶನವಿದೆ: ಮಕ್ಕಳಿಗೆ ಗಣಿತವನ್ನು ಕಲಿಸಲೆಂದು ಸೀಮೂರ್ ಪೇಪರ್ಟ್ ಮೊದಲಾದವರು 1967ರಲ್ಲಿ ರೂಪಿಸಿದ ಲೋಗೋ ಭಾಷೆಗೆ, ಡಾ. ಯು. ಬಿ. ಪವನಜ ಅವರು ಕನ್ನಡದ ಆದೇಶಗಳನ್ನು ಒಪ್ಪುವ ಆವೃತ್ತಿಯನ್ನು ಸಿದ್ಧಪಡಿಸಿದ್ದಾರೆ.

ನುಡಿಗೂ ನಡೆಗೂ ಅಂತರವಿರಬಾರದೆಂದು ಶರಣರು ಸಾರಿದರು. ಯಂತ್ರದ ಮುಂದೆ ಕುಳಿತವನಿಗೆ ಈ ಮಾತಿನ ಒಂದು ಮುಖ ಪ್ರತ್ಯಕ್ಷವಾಗುತ್ತದೆ. ಅಲ್ಲಿ ನಡೆ ತಪ್ಪಿದರೆ ನುಡಿಯಲ್ಲಿಯೇ ದೋಷವನ್ನು ಹುಡುಕಬೇಕು. ಪರರನ್ನು ದೂರಲು ಎಡೆಯಿಲ್ಲ. ಅಕ್ಷರ ದಾಸೋಹವನ್ನು ಕರ್ತವ್ಯವೆಂದು ಬಗೆದ ಮಠದ ಆಶ್ರಯದಲ್ಲಿ ಓದುತ್ತಿರುವ ವಿದ್ಯಾರ್ಥಿಗಳು ಈ ಚಿಕ್ಕ ಕ್ರಮವಿಧಿಗಳನ್ನು ನಕಲು ಮಾಡದೆ, ಮನೆಯಲ್ಲಿ ತಾಯಿ ಅಥವಾ ಅಜ್ಜಿಯಿಂದ ಒಂದು ರಂಗೋಲಿಯ ಸೂತ್ರವನ್ನು ಕೇಳಿ ತಿಳಿದು, ಅದನ್ನು ತಾವೇ ಆದೇಶಗಳಾಗಿ ಬರೆಯಲಿ. ಮೊದಲು ಕಾಗದದ ಮೇಲೆ ಪಟ್ಟಿ, ಆಮೇಲೆ ಸಂಬಂಧ, ಕೊನೆಯಲ್ಲಿ ಯಂತ್ರ: ಈ ಕ್ರಮವನ್ನು ಬಿಡದಿರಲಿ.

ಅಭ್ಯಾಸ

1. ತಲೆಕೆಳಗಾದ ತ್ರಿಕೋನವನ್ನು ಬರೆಯಿರಿ: ಮೊದಲ ಸಾಲಿನಲ್ಲಿ 5, ಕೊನೆಯ ಸಾಲಿನಲ್ಲಿ 1. ಮೂವತ್ತನೆಯ ಆದೇಶವೊಂದನ್ನು ಮಾತ್ರ ಬದಲಾಯಿಸಬೇಕು.
2. 'ಹದಿನೈದರಿಂದ ಎಂಟು, ಸಂದು ಚುಕ್ಕಿ'ಗೆ ಕ್ರಮವಿಧಿಯನ್ನು ರಚಿಸಿರಿ. ಒಟ್ಟು ಚುಕ್ಕಿಗಳು 169 ಬಂದರೆ ನಿಮ್ಮ ಕ್ರಮವಿಧಿ ಸರಿಯಾಗಿದೆ.
3. 'ಹದಿನೈದರಿಂದ ಒಂದು, ಸಂದು ಚುಕ್ಕಿ'ಯಲ್ಲಿ 225 ಚುಕ್ಕಿಗಳಿವೆ. ಇದು 15ರ ವರ್ಗ. ಕಾರಣವನ್ನು ಚಿತ್ರದಿಂದಲೇ ತೋರಿಸಿರಿ.
4. ಚೌಕಟ್ಟಿನೊಳಗೆ ಎರಡು ಕರ್ಣಗಳೂ ಇರುವ ಆಕೃತಿಗೆ ನಾಲ್ವತ್ತನೆಯ ಆದೇಶದ ಪ್ರಶ್ನೆಯನ್ನು ಬರೆಯಿರಿ.
5. ನಿಮ್ಮ ಹೆಸರಿನಲ್ಲಿ ಯಂತ್ರದ ಎಣಿಕೆಯಂತೆ ಎಷ್ಟು ಸಂಖ್ಯೆಗಳು, ಛಂದಸ್ಸಿನ ಎಣಿಕೆಯಂತೆ ಎಷ್ಟು ಅಕ್ಷರಗಳಿವೆಯೆಂಬುದನ್ನು ಮೊದಲು ಕಾಗದದ ಮೇಲೆ ಎಣಿಸಿ, ಬಳಿಕ ಯಂತ್ರದಿಂದ ಪರೀಕ್ಷಿಸಿರಿ.